‘ಸಾಧನೆ’ ಅನ್ನುವ ಕಾಲಂನಲ್ಲಿ ನೀವಾದರೆ ಏನು ಬರೆಯುತ್ತೀರಿ?

ಫ್ಲೆಕ್ಸ್ ಅಂಗಡಿ (ಅಂಬಲಪಾಡಿ, ಉಡುಪಿ)

ನಾವು ಎಸ್ಸೆಸ್ಸೆಲ್ಸಿ ಮುಗಿಸಿ ಇಪ್ಪತ್ತೈದು ವರ್ಷ ಆಯಿತೆಂದು ಡಿಸೆಂಬರ್‌ನಲ್ಲಿ ಹಳೇ ವಿದ್ಯಾರ್ಥಿಗಳ ಕೂಟ ಇಟ್ಟಿದ್ದಾರೆ. ಒಂದು ಸ್ಮರಣ ಸಂಚಿಕೆಯೂ ಉಂಟು. ಡಿಸೈನ್, ಪ್ರಿಂಟಿಂಗ್ ಎಲ್ಲ ನನ್ನ ತಲೆಗೆ ಕಟ್ಟಿದ್ದಾರೆ. ಬ್ಯಾಚಿನಲ್ಲಿ ಫ್ಲೆಕ್ಸ್ ಅಂಗಡಿ ಇರುವವನು ನಾನೊಬ್ಬನೇ. ಎಲ್ಲರೂ ಒಂದು ಫಾರ್ಮ್ ತುಂಬಿ ನನಗೆ ವಾಟ್ಸ್ಆ್ಯಪ್ ಮಾಡಬೇಕು. ಹೆಸರು, ಉದ್ಯೋಗ, ಈಗಿನ ಊರು, ಮಕ್ಕಳು. ಕೊನೆಯ ಕಾಲಂ ‘ಸಾಧನೆ’.

ಹಾಗಾಗಿ ಎಲ್ಲರ ಸಾಧನೆಯನ್ನು ಮೊದಲು ಓದುವವನು ನಾನು. ಒಬ್ಬನಿಗೆ ಟೊರಾಂಟೊದಲ್ಲಿ ಮನೆ. ಒಬ್ಬನಿಗೆ ಬೆಂಗಳೂರಿನಲ್ಲಿ ಎರಡು ಫ್ಲ್ಯಾಟ್. ಒಬ್ಬಳು ಮಂಗಳೂರಿನಲ್ಲಿ ಮಕ್ಕಳ ಡಾಕ್ಟರ್. ಇನ್ನೊಬ್ಬ ಮುಂಬೈಯ ತನ್ನ ಹೋಟೆಲಿನ ಫೋಟೊಗಳನ್ನೂ ಕಳಿಸಿದ್ದಾನೆ, ಅಡುಗೆಮನೆಯದ್ದೂ ಸೇರಿ. ನನ್ನ ಕಾಲಂ ಮಾತ್ರ ಖಾಲಿ.

ಹೊಟ್ಟೆಕಿಚ್ಚು ಅಂದುಕೊಳ್ಳಬೇಡಿ. ಸ್ವಲ್ಪ ಉಂಟು, ಆದರೆ ವಿಷಯ ಅದಲ್ಲ. ಊರಿನವರ ಸಾಧನೆಯನ್ನು ಚದರ ಅಡಿ ಲೆಕ್ಕದಲ್ಲಿ ಮಾರುವುದೇ ನನ್ನ ಕಸುಬು. ದ್ವಿತೀಯ ಪಿಯು ಫಲಿತಾಂಶ ಬಂದ ವಾರ ನಮಗೆ ಊಟಕ್ಕೂ ಪುರುಸೊತ್ತಿಲ್ಲ. ನಮ್ಮ ಎರಡು ಜಿಲ್ಲೆಗಳ ಕಥೆ ಗೊತ್ತಲ್ಲ. 2024ರಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಇಡೀ ರಾಜ್ಯಕ್ಕೆ ಎರಡನೆಯವರಾಗಿಯೂ ಮುಖ ಸಣ್ಣ ಮಾಡಿಕೊಳ್ಳುವ ಜನ ನಾವು! ಒಬ್ಬರು ಮಗನ 587 ಅಂಕಕ್ಕೆ ಫ್ಲೆಕ್ಸ್ ಆರ್ಡರ್ ಮಾಡಿ ಅಡ್ವಾನ್ಸ್ ಕೊಟ್ಟಿದ್ದರು. ಪ್ರೂಫ್ ನೋಡಲು ಬಂದಾಗ ನನ್ನ ಸ್ಕ್ರೀನಿನ ಮೇಲೆ ಅವರ ಪಕ್ಕದ ಮನೆ ಹುಡುಗಿಯ 594 ಇತ್ತು. ಆರ್ಡರ್ ಕ್ಯಾನ್ಸಲ್ ಮಾಡಿ ಹೋದರು. ಹುಡುಗನ ಒಂದು ಅಂಕವೂ ಕಡಿಮೆಯಾಗಿರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಯಾರ ಪಕ್ಕದಲ್ಲೂ ಇಡದೆ ನೋಡಿದರೆ ನಿಮ್ಮ ಸಾಧನೆ ಯಾವುದು? ಹಾಗೆ ನೋಡಲು ಸಾಧ್ಯವೇ? ‘ನೆಮ್ಮದಿಯೇ ದೊಡ್ಡ ಸಾಧನೆ’ ಅಂತ ದಯವಿಟ್ಟು ಬರೆಯಬೇಡಿ. ಅದು ದಿನಾ ಬೆಳಿಗ್ಗೆ ಸೂರ್ಯೋದಯದ ಚಿತ್ರದ ಜೊತೆ ಬರುತ್ತದೆ.

ಕಂಕನಾಡಿ ಕ್ರಾಸ್ (ಮಂಗಳೂರು)

ಬೇಜಾರು ಮಾಡಬೇಡಿ, ನೇರವಾಗಿ ಹೇಳುತ್ತೇನೆ. ‘ಹೋಲಿಕೆ ಬೇಡ’ ಅನ್ನುವುದೆಲ್ಲ ಹಿಂದೆ ಬಿದ್ದವರು ಮಾಡಿಕೊಳ್ಳುವ ಸಮಾಧಾನ. ಮುಂದೆ ಇರುವವನು ಯಾವತ್ತಾದರೂ ಇಂಥ ಪ್ರಶ್ನೆ ಕೇಳಿದ್ದನ್ನು ನೋಡಿದ್ದೀರಾ? ನನ್ನ ಅಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕಿತ್ತು. ಆಗ ಯಾರ ಬಳಿ ದುಡ್ಡು ಉಂಟು, ಯಾರ ಬಳಿ ಇಲ್ಲ ಅನ್ನುವುದು ಬಹಳ ಚೆನ್ನಾಗಿ ಗೊತ್ತಾಯಿತು. ದುಡ್ಡು ಇದ್ದರೆ ಸಾಧನೆ. ಕಾಲಂನಲ್ಲಿ ಅದನ್ನೇ ಬರೆಯಿರಿ.

ಫ್ಲೆಕ್ಸ್ ಅಂಗಡಿ

ದುಡ್ಡು ಬೇಡ ಅಂತ ನಾನೆಲ್ಲಿ ಹೇಳಿದೆ ಮಾರಾಯ್ರೆ? ಅಂಗಡಿ ಬಾಡಿಗೆ ನಾನೇ ಕಟ್ಟುವುದು. ಅಮ್ಮ ಈಗ ಹೇಗಿದ್ದಾರೆ?

ಕಂಕನಾಡಿ ಕ್ರಾಸ್

ಇಲ್ಲ ಈಗ. ನಾಲ್ಕು ವರ್ಷ ಆಯಿತು.

ಪಿಯು ಮಾಸ್ಟ್ರು (ಕಾರ್ಕಳ)

ಫ್ಲೆಕ್ಸ್ ಕ್ಯಾನ್ಸಲ್ ಮಾಡಿದವರನ್ನು ಓದಿ ನಗು ಬಂತು, ಆಮೇಲೆ ಬೇಜಾರಾಯಿತು. ನಮ್ಮ ಸ್ಟಾಫ್ ರೂಮಿನಲ್ಲಿ ಇಂಥವರು ದಿನಾ ಸಿಗುತ್ತಾರೆ.

ಇದರ ಬಗ್ಗೆ ಸಂಶೋಧನೆ ತುಂಬಾ ಆಗಿದೆ. 1954ರಲ್ಲಿ ಲಿಯಾನ್ ಫೆಸ್ಟಿಂಗರ್ ಅನ್ನುವ ಅಮೆರಿಕದ ಮನೋವಿಜ್ಞಾನಿ ಒಂದು ವಿಷಯ ಹೇಳಿದರು. ನಾವು ಎಷ್ಟರವರು ಅಂತ ತಿಳಿಯಲು ಸ್ಪಷ್ಟವಾದ ಅಳತೆ ಇಲ್ಲದಾಗ ಮನುಷ್ಯ ಪಕ್ಕದವರನ್ನು ನೋಡುತ್ತಾನೆ. ಅದರಲ್ಲೂ ತನ್ನ ಹಾಗೇ ಇರುವವರನ್ನು. ಹಾಗಾಗಿ ಅಂಬಾನಿ ಮನೆ ನೋಡಿದರೆ ನಮಗೆ ಏನೂ ಆಗುವುದಿಲ್ಲ. ಒಂದೇ ಬೆಂಚಿನಲ್ಲಿ ಕೂತಿದ್ದವನ ಮನೆ ನೋಡಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಬ್ಯಾಚಿನ ಕೂಟ ಇಷ್ಟು ಚುಚ್ಚುವುದು ಅದಕ್ಕೇ.

ಇನ್ನೊಂದು ಉಂಟು, ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುವುದು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದವರ ವಿಡಿಯೊಗಳನ್ನು ಸಂಶೋಧಕರು ಬೇರೆಯವರಿಗೆ ತೋರಿಸಿ, ಯಾರ ಮುಖದಲ್ಲಿ ಖುಷಿ ಜಾಸ್ತಿ ಅಂತ ಕೇಳಿದರು. 1995ರಲ್ಲಿ ಅದು ಪ್ರಕಟವಾಯಿತು. ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರೇ ಖುಷಿಯಾಗಿ ಕಂಡರು. ಬೆಳ್ಳಿಯವರು ತಪ್ಪಿದ ಚಿನ್ನವನ್ನು ನೋಡುತ್ತಿದ್ದರು. ಕಂಚಿನವರು ಬರಿಗೈಯಲ್ಲಿ ಹೋದ ನಾಲ್ಕನೆಯವರನ್ನು ನೋಡುತ್ತಿದ್ದರು.

ಆದರೆ ‘ಹೋಲಿಕೆ ಬಿಡಿ’ ಅಂತ ನಾನು ಮಕ್ಕಳಿಗೆ ಹೇಳುವುದಿಲ್ಲ. ಹೇಳಿದರೆ ಮೋಸ ಆಗುತ್ತದೆ. ನೀಟ್ ಬರೆಯುವವನಿಗೆ ರ‍್ಯಾಂಕ್ ನಿಜವಾದ ವಿಷಯ. ಸರ್ಕಾರಿ ಸೀಟು ಇರುವುದೇ ಇಷ್ಟು, ಅವನ ಮುಂದೆ ಎಷ್ಟು ಜನ ಇದ್ದಾರೆ ಅನ್ನುವುದು ಅವನ ಜೀವನ ಬದಲಿಸುತ್ತದೆ. ತೊಂದರೆ ಎಲ್ಲಿ ಅಂದರೆ, ಆ ಎರಡು ವರ್ಷದ ಅಭ್ಯಾಸ ಅಲ್ಲಿಗೇ ನಿಲ್ಲುವುದಿಲ್ಲ. ಸೀಟುಗಳ ಲೆಕ್ಕ ಇಲ್ಲದ ಕಡೆಯೂ ರ‍್ಯಾಂಕ್ ಹುಡುಕುತ್ತೇವೆ. ಮದುವೆ, ಮನೆ, ಮಕ್ಕಳ ಮುಂಜಿ, ಊಟಿಗೆ ಹೋದ ಫೋಟೊ. ಪಕ್ಕದ ಮನೆಯವರು ಊಟಿಗೆ ಹೋದರೆ ನನ್ನ ಊಟಿಯ ಸೀಟು ಹೋಗುವುದಿಲ್ಲ ಅಲ್ವಾ?

ತೊಕ್ಕೊಟ್ಟು ಅಕ್ಕ (ಉಳ್ಳಾಲ)

ಮಾಸ್ಟ್ರೇ, ನೀವು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ.

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಅಜ್ಜಿಯೂ ಅದೇ. ನಾನು ಆರನೇ ಕ್ಲಾಸಿನಲ್ಲಿದ್ದಾಗಲೇ ಎಲೆ ಕತ್ತರಿಸಿ, ನೂಲು ಸುತ್ತಿ, ವಾರಕ್ಕೊಮ್ಮೆ ಬೀಡಿ ಬ್ರಾಂಚಿಗೆ ಕೊಂಡುಹೋಗುತ್ತಿದ್ದೆ. ಹುಡುಗಿಯರು ಅದನ್ನೇ ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ. ಬೇರೆ ಏನಾದರೂ ಮಾಡಬಹುದು ಅಂತಲೂ ಯಾರೂ ಹೇಳಿರಲಿಲ್ಲ. ನಮ್ಮ ಓಣಿಯ ಕೊನೆ ಮನೆಯ ಅಕ್ಕ ಒಬ್ಬರು ಬ್ಯಾಂಕಿನಲ್ಲಿ ಕ್ಲರ್ಕ್ ಆದರು. ಬೆಳಿಗ್ಗೆ ಎಂಟೂಕಾಲರ ಬಸ್ಸಿಗೆ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಹೋಗುತ್ತಿದ್ದರು. ನಾನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು. ಆ ಉರಿ ಇಲ್ಲದಿದ್ದರೆ ನಾನು ಬಿ.ಕಾಂ. ಮಾಡುತ್ತಿರಲಿಲ್ಲ.

ಹಾಗಾಗಿ ಹೋಲಿಕೆ ಕೆಟ್ಟದ್ದು ಅನ್ನುವ ಮಾತು ನನಗೆ ಹೊಟ್ಟೆ ತುಂಬಿದವರ ಮಾತಾಗಿ ಕೇಳುತ್ತದೆ. ಯಾರಿಗೆ ತಲೆಮಾರಿನಿಂದ ದಾರಿ ಗೊತ್ತುಂಟೋ ಅವರು ಅಕ್ಕಪಕ್ಕ ನೋಡದೆ ನಡೆಯಬಹುದು. ನಮಗೆ ಮುಂದೆ ಒಬ್ಬರು ಕಾಣಬೇಕಿತ್ತು.

ಒಂದು ವ್ಯತ್ಯಾಸ ಮಾತ್ರ ಇತ್ತು. ಆ ಅಕ್ಕನ ಎಲ್ಲ ಕಥೆ ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಎರಡು ಸಲ ಫೇಲ್ ಆದದ್ದು, ಕೆಲಸ ಸಿಕ್ಕಿದ ಮೇಲೂ ತಮ್ಮನ ಸಾಲ ತೀರಿಸಿದ್ದು, ಮದುವೆ ತಡವಾದದ್ದು. ಬಾವಿಕಟ್ಟೆಯಲ್ಲಿ ಎಲ್ಲ ಸುದ್ದಿ ಸಿಗುತ್ತಿತ್ತು. ನನ್ನ ಮಗಳು ಈಗ ಇನ್‌ಸ್ಟಾಗ್ರಾಂನಲ್ಲಿ ಯಾರನ್ನೋ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಾಳೆ. ಆ ಹುಡುಗಿಯ ಸೀರೆ ಕಾಣುತ್ತದೆ. ಸಾಲ ಕಾಣುವುದಿಲ್ಲ.

ಪಿಗ್ಮಿ ಕಲೆಕ್ಟರ್ (ಉಡುಪಿ)

ಅಕ್ಕ ಹೇಳಿದ ಕೊನೆಯ ಮಾತಿಗೆ ನಾನು ಸಾಕ್ಷಿ ಹೇಳಬಲ್ಲೆ. ಯಾರ ಹೆಸರೂ ಹೇಳುವುದಿಲ್ಲ, ನನ್ನ ಕೆಲಸ ನಡೆಯುವುದೇ ನಂಬಿಕೆಯ ಮೇಲೆ.

ಹೊರಗಿನವರು ಯಾರಾದರೂ ಓದುತ್ತಿದ್ದರೆ ಎಂದು ಸ್ವಲ್ಪ ವಿವರ. ಪಿಗ್ಮಿ ಅಂದರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯ, ನಮ್ಮ ಊರಿನದೇ ಹುಟ್ಟು. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಒಂದು ಬ್ಯಾಂಕ್ ಕಟ್ಟಿದರು. ಆಗ ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಉದ್ದೇಶ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಪಿಗ್ಮಿ ಶುರು ಮಾಡಿದರು. ಬ್ಯಾಂಕಿನವನೇ ಮನೆ ಬಾಗಿಲಿಗೆ, ಅಂಗಡಿಗೆ ಬಂದು ದಿನಕ್ಕೆ ಎರಡಾಣೆಯಾದರೂ ತೆಗೆದುಕೊಂಡು ಹೋಗುವುದು. ಆ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆದರೆ ಪಿಗ್ಮಿ ಸಹಕಾರಿ ಸಂಘಗಳಲ್ಲಿ ಇನ್ನೂ ಉಂಟು. ನಾನು ಅಂಥ ಒಂದು ಸಂಘಕ್ಕೆ ಹಣ ಸಂಗ್ರಹಿಸುವವನು.

ನನಗೆ ಬೀದಿಯ ಎರಡೂ ಲೆಕ್ಕ ಕಾಣುತ್ತದೆ. ಹೊರಗಿನದ್ದು ನಿಮಗೂ ಕಾಣುತ್ತದೆ. ಒಳಗಿನದ್ದು ನನ್ನ ಮೆಷಿನ್‌ನಲ್ಲಿ ಉಂಟು. ಹೊಸ ಕಾರಿನಲ್ಲಿ ಬರುವ ಒಬ್ಬರು ಪ್ರತಿ ವರ್ಷ ಅವಧಿಗೆ ಮೊದಲೇ ಪಿಗ್ಮಿ ಒಡೆಯುತ್ತಾರೆ. ಕಾರಣ ಕೇಳಿದರೆ ‘ಸಣ್ಣ ಕಮಿಟ್‌ಮೆಂಟ್’ ಅನ್ನುತ್ತಾರೆ. ಬಸ್‌ಸ್ಟ್ಯಾಂಡ್ ಹತ್ತಿರ ಹೂ ಕಟ್ಟುವ ಅಮ್ಮ ಒಬ್ಬರು ದಿನಕ್ಕೆ ಇನ್ನೂರು ತಪ್ಪಿಸಿದವರಲ್ಲ. ಹರತಾಳದ ದಿನ ನಾನು ಬರುವುದಿಲ್ಲ ಅಂತ ಮುನ್ನಾದಿನವೇ ನಾನೂರು ತೆಗೆದಿಟ್ಟಿರುತ್ತಾರೆ. ಅವರ ಮಗಳು ನರ್ಸಿಂಗ್ ಮುಗಿಸಿದ್ದು ಆ ಇನ್ನೂರರಲ್ಲಿ. ಇವರಿಬ್ಬರೂ ಎದುರುಬದುರು ನಿಂತರೆ ಯಾರು ಯಾರನ್ನು ನೋಡಿ ಕುಗ್ಗುತ್ತಾರೆ? ಅಮ್ಮನೇ ಕುಗ್ಗುತ್ತಾರೆ. ‘ಅವರೆಲ್ಲ ದೊಡ್ಡವರು, ನಮ್ಮದೆಂತ’ ಅಂತ ನನ್ನ ಬಳಿಯೇ ಹೇಳಿದ್ದಾರೆ. ನಾನು ಬಾಯಿ ಮುಚ್ಚಿಕೊಂಡು ರಸೀದಿ ಕೊಟ್ಟೆ. ಹೇಳುವಂತಿಲ್ಲವಲ್ಲ!

ಕಾರಿನವರು ಕೆಟ್ಟವರು, ಹೂವಿನ ಅಮ್ಮ ಒಳ್ಳೆಯವರು ಅಂತ ಕಥೆ ಮಾಡಬೇಡಿ. ಕಾರಿನವರಿಗೆ ವ್ಯಾಪಾರಕ್ಕೆ ಆ ಕಾರು ಬೇಕೇ ಬೇಕು. ಹಳೇ ಸ್ಕೂಟರಿನಲ್ಲಿ ಹೋದರೆ ಸಪ್ಲೈಯರ್ ಉದ್ದರಿ ಕೊಡುವುದಿಲ್ಲ. ನಾನು ಹೇಳುವುದು ಇಷ್ಟೇ, ನಾವು ಮನುಷ್ಯರನ್ನು ಹೋಲಿಸುತ್ತಿಲ್ಲ. ಒಬ್ಬರ ಹೊರಗಿನ ಲೆಕ್ಕವನ್ನು ನಮ್ಮ ಒಳಗಿನ ಲೆಕ್ಕದ ಜೊತೆ ಇಟ್ಟು ನೋಡುತ್ತಿದ್ದೇವೆ. ಅವರ ಆದಾಯ ಮಾತ್ರ, ನಮ್ಮ ಖರ್ಚು ಮಾತ್ರ. ಅಂಥ ಲೆಕ್ಕ ಯಾವ ಆಡಿಟರೂ ಒಪ್ಪುವುದಿಲ್ಲ.

ಮಲ್ಪೆ ಬಂದರ್

ಹೌದು ಮಾರಾಯ್ರೆ. ನಮ್ಮಲ್ಲಿ ಒಂದು ಬೋಟಿಗೆ ಭರ್ಜರಿ ಮೀನು ಬಿದ್ದರೆ ದಕ್ಕೆಗೆ ಬರುವ ಮೊದಲೇ ವಿಡಿಯೊ ಬರುತ್ತದೆ. ‘ಬಂಪರ್’, ‘ಲಾಟರಿ’ ಅಂತ ಹೆಡ್ಡಿಂಗ್ ಹಾಕಿ ಯೂಟ್ಯೂಬಿನವರು ಓಡಿಸುತ್ತಾರೆ. ಡೀಸೆಲ್, ಐಸ್, ರೇಶನ್ ತುಂಬಿಸಿ ಹತ್ತು ದಿನ ಹೋಗಿ ಅರ್ಧ ಖರ್ಚೂ ಹುಟ್ಟದೆ ಬಂದ ಬೋಟಿನ ವಿಡಿಯೊ ಯಾರಾದರೂ ನೋಡಿದ್ದೀರಾ? ಆ ಬೋಟೇ ಜಾಸ್ತಿ. ಅಮ್ಮ ಫೋನ್ ಮಾಡಿ ಕೇಳುತ್ತಾರೆ, ‘ಎಲ್ಲರಿಗೂ ಸಿಕ್ತಾ ಉಂಟಂತೆ, ನಿನಗೆ ಎಂತ ಆಗಿದೆ?’

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಎಲ್ಲ ಯಾಂತ್ರಿಕ ಬೋಟು ದಡದಲ್ಲಿ. ಆ ಎರಡು ತಿಂಗಳು ಬಲೆ ಹೊಲಿಯುತ್ತಾ ಎಲ್ಲರೂ ಒಂದೇ. ನನಗೆ ಆ ಸಮಯ ಭಾರಿ ಇಷ್ಟ. ದುಡ್ಡಿಲ್ಲ, ಆದರೆ ಯಾರಿಗೂ ಇಲ್ಲ.

ಕದ್ರಿ ಪದವು

ಇಷ್ಟೆಲ್ಲ ಮಾತು ಯಾಕೆ? ಹರೇಕಳ ಹಾಜಬ್ಬರನ್ನು ನೋಡಿ. ಕಿತ್ತಳೆ ಹಣ್ಣು ಮಾರಿ ಊರಿಗೆ ಶಾಲೆ ತಂದರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು. ಅಡ್ಯನಡ್ಕದ ಕಡೆಯ ಅಮೈ ಮಹಾಲಿಂಗ ನಾಯ್ಕರು, ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತಂದು ತೋಟ ಮಾಡಿದರು. 2022ರಲ್ಲಿ ಅವರಿಗೂ ಪದ್ಮಶ್ರೀ. ಇದು ಸಾಧನೆ. ಉಳಿದದ್ದೆಲ್ಲ ಶೋಕಿ.

ತೊಕ್ಕೊಟ್ಟು ಅಕ್ಕ

ಹಾಜಬ್ಬರ ಊರು ನನಗೆ ದೂರವಲ್ಲ. ಅವರ ಮೇಲೆ ಗೌರವ ನಿಮಗಿಂತ ಒಂದು ಕೈ ಜಾಸ್ತಿಯೇ ಉಂಟು. ಆದರೆ ಅವರನ್ನು ತಂದು ನಮ್ಮ ಮುಂದೆ ನಿಲ್ಲಿಸಿದರೆ ಅದೂ ಮತ್ತೊಂದು ಹೋಲಿಕೆಯೇ ಅಲ್ವಾ? ಮೊದಲು ಟೊರಾಂಟೊ ಮನೆ ಎದುರು ಸಣ್ಣವರಾದೆವು, ಈಗ ಪದ್ಮಶ್ರೀ ಎದುರು ಸಣ್ಣವರಾಗಬೇಕಾ? ಶಾಲೆ ಕಟ್ಟದೆ, ಹಣ್ಣು ಮಾರಿ ಮೂರು ಮಕ್ಕಳನ್ನು ಸಾಕಿದವರು ಮಂಗಳೂರಿನಲ್ಲಿ ಎಷ್ಟು ಜನ ಇಲ್ಲ?

ಇನ್ನೊಂದು ನೋಡಿ. ವಿದೇಶಿಯರು ಇಂಗ್ಲಿಷಿನಲ್ಲಿ ಹಣ್ಣಿನ ರೇಟು ಕೇಳಿದಾಗ ಹಾಜಬ್ಬರಿಗೆ ಹೇಳಲು ಆಗಲಿಲ್ಲ. ತನಗಾದದ್ದು ತನ್ನ ಊರಿನ ಮಕ್ಕಳಿಗೆ ಆಗಬಾರದು ಅಂತ ಹೊರಟರು. ಪಕ್ಕದ ಹಣ್ಣಿನ ಬುಟ್ಟಿಯವನಿಗಿಂತ ಮುಂದೆ ಹೋಗಬೇಕು ಅಂತ ಹೊರಟವರಲ್ಲ. ನಾಯ್ಕರಿಗೂ ಅಷ್ಟೇ. ಒಂದರ ಹಿಂದೆ ಒಂದು ಸುರಂಗದಲ್ಲಿ ನೀರು ಸಿಗದಿದ್ದರೂ ಇನ್ನೊಂದು ತೋಡಿದರು. ಅವರಿಗೆ ಬೇಕಾಗಿದ್ದು ನೀರು. ನೀರು ಬಂತಾ ಇಲ್ಲವಾ ಅಂತ ಹೇಳಲು ಪಕ್ಕದ ಮನೆ ಬೇಕಾಗುವುದಿಲ್ಲ.

ಪಿಯು ಮಾಸ್ಟ್ರು

ಇದೇ ಸರಿಯಾದ ಮಾತು ಅಕ್ಕ. ಫೆಸ್ಟಿಂಗರ್ ಹೇಳಿದ್ದರ ಇನ್ನೊಂದು ಮಗ್ಗುಲು ಇದು. ಕೈಗೆ ಸಿಗುವ ಅಳತೆ ಇದ್ದರೆ ಪಕ್ಕದವರನ್ನು ನೋಡುವ ಅಗತ್ಯ ಕಡಿಮೆ. ‘ಒಳ್ಳೆಯ ಜೀವನ’ ಅನ್ನುವುದಕ್ಕೆ ಅಳತೆ ಇಲ್ಲ, ನೀರಿಗೆ ಉಂಟು. ಫ್ಲೆಕ್ಸ್ ಅಣ್ಣ, ನಿಮ್ಮ ‘ನೀರು’ ಯಾವುದು ಅಂತ ಯೋಚಿಸಿ.

ಫ್ಲೆಕ್ಸ್ ಅಂಗಡಿ

ಎಲ್ಲ ಓದುತ್ತಿದ್ದೇನೆ. ಅಂಗಡಿಯಲ್ಲಿ ಬ್ರಹ್ಮಕಲಶದ ಕೆಲಸ, ರಾತ್ರಿ ಹನ್ನೊಂದಾಗುತ್ತದೆ.

ಮಾಸ್ಟ್ರೇ, ಯೋಚಿಸಿದೆ. ನಮ್ಮ ಅಂಗಡಿಯಿಂದ ಹೋಗುವ ಯಾವುದರಲ್ಲೂ ಕನ್ನಡದ ಕಾಗುಣಿತ ತಪ್ಪಿರುವುದಿಲ್ಲ. ಗಿರಾಕಿ ತಪ್ಪು ಬರೆದುಕೊಟ್ಟರೂ ನಾನು ಸರಿ ಮಾಡಿಯೇ ಪ್ರಿಂಟ್ ಹಾಕುವುದು. ‘ಹಾರ್ಧಿಕ’ ಅಂತ ಬರೆದದ್ದು ನಮ್ಮಲ್ಲಿ ‘ಹಾರ್ದಿಕ’ ಆಗಿಯೇ ಹೋಗುತ್ತದೆ. ಒತ್ತಕ್ಷರ ಎಲ್ಲಿ ಒಡೆಯುತ್ತದೆ, ಯಾವ ಫಾಂಟ್‌ನಲ್ಲಿ ರಾವತ್ತು ಕೆಡುತ್ತದೆ ಎಲ್ಲ ಗೊತ್ತು. ಯಾರೂ ಗಮನಿಸುವುದಿಲ್ಲ. ಒಬ್ಬ ನಿವೃತ್ತ ಮೇಷ್ಟ್ರು ಮಾತ್ರ ಸಂತೆಕಟ್ಟೆಯಿಂದ ಬಸ್ ಹತ್ತಿ ಬಂದು ಮೊಮ್ಮಗನ ಮದುವೆ ಕಾಗದ ನಮ್ಮಲ್ಲೇ ಮಾಡಿಸಿದರು. ಇದನ್ನು ಸಾಧನೆ ಅಂತ ಬರೆದರೆ ಟೊರಾಂಟೊದವರು ನಗುತ್ತಾರೆ. ಆದರೆ ಬರೆದೆ. ಒಂದೇ ಸಾಲು. ಫೈಲಿಗೆ ಸೇರಿಸಿ ಆಯಿತು.

ಸುರತ್ಕಲ್ ಬೀಚ್ ಸೈಡ್

ನನಗೆ 27. ಮೂರು ವರ್ಷ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ ಬಿಟ್ಟು ಬಂದೆ. ಈಗ ಮಂಗಳೂರಿನಲ್ಲೇ ಒಂದು ಸಣ್ಣ ಕಂಪನಿ, ಸಂಬಳ ಅಲ್ಲಿಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಸಂಜೆ ಆರಕ್ಕೆ ಮನೆ. ಅಜ್ಜನ ಅಡಿಕೆ ತೋಟ ಭಾನುವಾರ ನೋಡಿಕೊಳ್ಳುತ್ತೇನೆ.

ನೀವೆಲ್ಲ ಹೋಲಿಕೆ ಮನಸ್ಸಿನ ಒಳಗಿನ ವಿಷಯ ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ನನ್ನ ಮನಸ್ಸಿಗೆ ಏನೂ ತೊಂದರೆ ಇಲ್ಲ. ನಾನು ಖುಷಿಯಾಗಿದ್ದೇನೆ. ಲಿಂಕ್ಡ್‌ಇನ್ ಡಿಲೀಟ್ ಮಾಡಿದ್ದೇನೆ. ಆದರೆ ಮದುವೆ ಪ್ರಸ್ತಾಪ ಬಂದರೆ ಮೊದಲ ಪ್ರಶ್ನೆ ‘ಹುಡುಗ ಎಲ್ಲಿರುವುದು?’, ಎರಡನೆಯದು ‘ಪ್ಯಾಕೇಜ್ ಎಷ್ಟು?’ ಊರಿನಲ್ಲೇ ಇದ್ದಾನೆ ಅಂದ ಕೂಡಲೇ ಫೋನಿನಲ್ಲಿ ಒಂದು ‘ಓ’ ಬರುತ್ತದೆ. ತೋಟ ನೋಡಿಕೊಳ್ಳುವ ಹುಡುಗರಿಗೆ ಹೆಣ್ಣು ಸಿಗುವುದಿಲ್ಲ ಅನ್ನುವುದು ಘಟ್ಟದ ಮೇಲೂ ಕೆಳಗೂ ಎಲ್ಲರಿಗೂ ಗೊತ್ತಿರುವ ವಿಷಯ. ನನ್ನ ಯಶಸ್ಸು ಏನು ಅಂತ ನಾನು ತೀರ್ಮಾನ ಮಾಡಬಹುದು. ಆದರೆ ಅದರ ಬೆಲೆ ಕಟ್ಟುವವರು ಬೇರೆಯವರು.

ಕಂಕನಾಡಿ ಕ್ರಾಸ್

ಅಂತೂ ಒಬ್ಬ ನಿಜ ಹೇಳಿದ.

ತೊಕ್ಕೊಟ್ಟು ಅಕ್ಕ

ತಮ್ಮ, ನಿನ್ನ ಬೇಜಾರು ಅರ್ಥವಾಗುತ್ತದೆ. ಆದರೆ ಆ ಪ್ರಶ್ನೆ ಹುಡುಗಿ ಮನೆಯವರು ಯಾಕೆ ಕೇಳುತ್ತಾರೆ ಅಂತಲೂ ಯೋಚಿಸು. ಮದುವೆಯಾದ ಮೇಲೆ ಮಗು, ಅತ್ತೆಯ ಆರೋಗ್ಯ ಅಂತ ಕೆಲಸ ಬಿಡಬೇಕಾಗಿ ಬಂದರೆ ಬಿಡುವವಳು ಯಾರು? ಆಗ ಮನೆಗೆ ಬರುವುದು ಒಂದೇ ಸಂಬಳ. ಅವಳಿಗೆ ಅದು ಶೋಕಿಯಲ್ಲ, ಇನ್ಶೂರೆನ್ಸ್. ‘ನಿನ್ನ ಕೆಲಸ ನೀನು ಬಿಡಬೇಕಾಗಿಲ್ಲ, ಸಂಜೆ ಆರರ ನಂತರ ಮಗುವನ್ನು ನಾನು ನೋಡಿಕೊಳ್ಳುತ್ತೇನೆ’ ಅಂತ ನಿನ್ನ ಬಯೋಡೇಟಾದಲ್ಲಿ ಬರೆದು ನೋಡು. ಆಮೇಲೆ ಎಷ್ಟು ‘ಓ’ ಬರುತ್ತದೆ ನನಗೆ ಹೇಳು.

ಸುರತ್ಕಲ್ ಬೀಚ್ ಸೈಡ್

ಅದು ಯೋಚಿಸಿರಲಿಲ್ಲ ಅಕ್ಕ. ಅಮ್ಮನಿಗೆ ತೋರಿಸಿದೆ, ಬಯೋಡೇಟಾದಲ್ಲಿ ಹಾಗೆಲ್ಲ ಬರೆಯುತ್ತಾರಾ ಅಂತ ಬೈದರು.

ಪಿಯು ಮಾಸ್ಟ್ರು

ಸಂಜೆ ಆರಕ್ಕೆ ಮನೆಗೆ ಬರುವ ಬಗ್ಗೆ ಒಂದು ಒಳ್ಳೆಯ ಅಧ್ಯಯನ ಉಂಟು. 1998ರಲ್ಲಿ ಸೋಲ್ನಿಕ್ ಮತ್ತು ಹೆಮೆನ್‌ವೇ ಅನ್ನುವ ಇಬ್ಬರು ಅಮೆರಿಕದಲ್ಲಿ ಹೀಗೆ ಕೇಳಿದರು. ನಿಮಗೆ ವರ್ಷಕ್ಕೆ 50,000 ಡಾಲರ್, ಉಳಿದವರಿಗೆ 25,000. ಅಥವಾ ನಿಮಗೆ 1,00,000, ಉಳಿದವರಿಗೆ 2,00,000. ಯಾವ ಜಗತ್ತು ಬೇಕು? ವಸ್ತುಗಳ ಬೆಲೆ ಎರಡರಲ್ಲೂ ಒಂದೇ. ಆದರೂ ಸುಮಾರು ಅರ್ಧ ಜನ ಕಡಿಮೆ ಹಣದ ಜಗತ್ತನ್ನು ಆರಿಸಿದರು, ಪಕ್ಕದವರಿಗಿಂತ ಮೇಲಿರಬಹುದು ಅಂತ. ಅದೇ ರೀತಿ ರಜೆಯ ಬಗ್ಗೆಯೂ ಕೇಳಿದರು. ಅಲ್ಲಿ ಹೆಚ್ಚಿನವರು ‘ಬೇರೆಯವರಿಗೆ ಎಷ್ಟಾದರೂ ಇರಲಿ, ನನಗೆ ಜಾಸ್ತಿ ರಜೆ ಕೊಡಿ’ ಅಂದರು.

ಅಂದರೆ ಸಂಬಳ ಎಷ್ಟು ಬಂದರೂ ಪಕ್ಕದವನ ಸಂಬಳ ಅದರ ರುಚಿ ಕೆಡಿಸಬಹುದು. ಸಿಕ್ಕಿದ ಬಿಡುವಿನ ಸಂಜೆಯನ್ನು ಹಾಗೆ ಕೆಡಿಸುವುದು ಸ್ವಲ್ಪ ಕಷ್ಟ. ನೀವು ಮಾಡಿದ್ದು ಕೆಟ್ಟ ವ್ಯಾಪಾರವಲ್ಲ.

ಹಳೇ ದುಬಾಯಿ (ಕಾಪು)

ಇಪ್ಪತ್ತೆರಡು ವರ್ಷ ಕೊಲ್ಲಿಯಲ್ಲಿದ್ದು ಈಗ ಊರಿನಲ್ಲಿದ್ದೇನೆ. ಪಿಗ್ಮಿಯವರು ಹೊರಗಿನ ಲೆಕ್ಕ, ಒಳಗಿನ ಲೆಕ್ಕ ಅಂದರಲ್ಲ, ಅದಕ್ಕೆ ಒಂದು ಮಾತು ಸೇರಿಸಬೇಕು.

ನೀವೆಲ್ಲ ಅಂದುಕೊಳ್ಳುವುದು, ಜನ ಒಳಗಿನದ್ದನ್ನು ಮುಚ್ಚಿಟ್ಟು ಹೊರಗಿನದ್ದನ್ನು ತೋರಿಸುವುದು ಜಂಭಕ್ಕೆ ಅಂತ. ನಮ್ಮ ರೂಮಿನಲ್ಲಿ ಎಂಟು ಜನ ಇದ್ದೆವು, ಬಂಕ್ ಮಂಚ. ಬೇಸಿಗೆಯಲ್ಲಿ ಹೊರಗೆ ಕೆಲಸ ಮಾಡಿ ಬಂದರೆ ಮಾತಾಡಲು ಶಕ್ತಿ ಇರುತ್ತಿರಲಿಲ್ಲ. ಶುಕ್ರವಾರ ಸ್ನಾನ ಮಾಡಿ, ಒಳ್ಳೆಯ ಅಂಗಿ ಹಾಕಿ, ಮಾಲ್ ಎದುರು ನಿಂತು ಫೋಟೊ ತೆಗೆದು ಮನೆಗೆ ಕಳಿಸುತ್ತಿದ್ದೆವು. ಯಾರ ಹೊಟ್ಟೆ ಉರಿಸಲೂ ಅಲ್ಲ. ಅಪ್ಪ ಆ ಫೋಟೊ ನೋಡಿ ರಾತ್ರಿ ನೆಮ್ಮದಿಯಿಂದ ಮಲಗಲಿ ಅಂತ. ಎಂಟು ಜನರೂ ಹಾಗೇ ಕಳಿಸಿದೆವು. ಎಂಟು ಮನೆಯ ಅಕ್ಕಪಕ್ಕದವರು ಆ ಫೋಟೊ ನೋಡಿ ತಮ್ಮ ಮಕ್ಕಳಿಗೂ ಪಾಸ್‌ಪೋರ್ಟ್ ಮಾಡಿಸಿದರು. ಮನೆಯವರ ಮೇಲಿನ ಪ್ರೀತಿಗೆ ಕಳಿಸಿದ ಫೋಟೊ ಬೇರೆಯವರ ಮನೆಯಲ್ಲಿ ಹಾಗೆ ಕೆಲಸ ಮಾಡಿತು.

ಹಾಗಾಗಿ ಫೇಸ್‌ಬುಕ್‌ನಲ್ಲಿ ಯಾರಾದರೂ ನಗುವ ಫೋಟೊ ಹಾಕಿದರೆ ನನಗೆ ಸಿಟ್ಟು ಬರುವುದಿಲ್ಲ. ಆ ಫೋಟೊ ಯಾರಿಗಾಗಿ ಹಾಕಿದ್ದಾರೋ, ನಮಗೇನು ಗೊತ್ತು.

ಮಲ್ಪೆ ಬಂದರ್

ಇದನ್ನು ಓದಿ ಅಣ್ಣನಿಗೆ ಫೋನ್ ಮಾಡಿದೆ. ಅವನು ಕುವೈತ್‌ನಲ್ಲಿದ್ದಾನೆ. ‘ಚೆನ್ನಾಗಿದ್ದೇನೆ’ ಅಂದ.

ಮಾಡರೇಟರ್

ಮೂರು ಪೋಸ್ಟ್ ತೆಗೆದಿದ್ದೇವೆ. ಹೂಡಿಕೆ ಆ್ಯಪ್‌ನ ಜಾಹೀರಾತು ಇಲ್ಲಿ ಬೇಡ. ‘ತಿಂಗಳಿಗೆ ಲಕ್ಷ ಗಳಿಸಿ ಪಕ್ಕದವರ ಬಾಯಿ ಮುಚ್ಚಿಸಿ’ ಅನ್ನುವ ಪೋಸ್ಟ್ ಈ ಚರ್ಚೆಗೆ ಬಂದದ್ದಕ್ಕೆ ನಗು ಬಂತು, ಆದರೂ ತೆಗೆದಿದ್ದೇವೆ.

ಕಂಕನಾಡಿ ಕ್ರಾಸ್

ಸರಿ, ಎಲ್ಲ ಓದಿದೆ. ಒಂದು ಪ್ರಶ್ನೆ ಹಾಗೇ ಉಳಿಯಿತು. ಫೋನಿನಲ್ಲಿ ನೋಡುವುದು ಅರ್ಧ ಸುಳ್ಳು ಅಂತ ನನಗೂ ಗೊತ್ತು. ಗೊತ್ತಿದ್ದೂ ರಾತ್ರಿ ಹನ್ನೆರಡರವರೆಗೆ ನೋಡುತ್ತೇನೆ, ನೋಡಿದ ಮೇಲೆ ಮನಸ್ಸು ಕೆಡುತ್ತದೆ. ಅದಕ್ಕೆ ಏನು ಮಾಡುವುದು?

ಪಿಯು ಮಾಸ್ಟ್ರು

ಗೊತ್ತಿದ್ದರೂ ಸಾಲುವುದಿಲ್ಲ, ಯಾಕೆಂದರೆ ಕಣ್ಣಿಗೆ ಬೀಳುವ ಜನರ ಆಯ್ಕೆಯಲ್ಲೇ ಎಡವಟ್ಟು ಉಂಟು. ಸ್ಕಾಟ್ ಫೆಲ್ಡ್ ಅನ್ನುವ ಸಮಾಜಶಾಸ್ತ್ರಜ್ಞ 1991ರಲ್ಲಿ ಒಂದು ವಿಚಿತ್ರ ಲೆಕ್ಕ ತೋರಿಸಿದರು. ಸರಾಸರಿ ತೆಗೆದರೆ ನಮ್ಮ ಗೆಳೆಯರಿಗೆ ನಮಗಿಂತ ಜಾಸ್ತಿ ಗೆಳೆಯರಿರುತ್ತಾರೆ. ಹೇಗೆ? ಜಾಸ್ತಿ ಗೆಳೆಯರಿರುವವನು ಜಾಸ್ತಿ ಜನರ ಪಟ್ಟಿಯಲ್ಲಿ ಬರುತ್ತಾನೆ. ಯಾರೂ ಸುಳ್ಳು ಹೇಳಬೇಕಾಗಿಲ್ಲ, ಲೆಕ್ಕವೇ ಹಾಗೆ. ಫೋನಿನಲ್ಲೂ ಅದೇ. ತಿಂಗಳಿಗೊಮ್ಮೆ ಊರು ಸುತ್ತುವವನ ಫೋಟೊ ತಿಂಗಳಿಗೊಮ್ಮೆ ಬರುತ್ತದೆ. ಮನೆಯಲ್ಲಿ ಗಂಜಿ, ಚಟ್ನಿ ಉಂಡು ಮಲಗಿದವನದ್ದು ಬರುವುದೇ ಇಲ್ಲ. ನೀವು ನೋಡಿದ್ದು ಊರನ್ನಲ್ಲ, ಊರು ಬಿಟ್ಟು ಹೋದವರನ್ನು ಮಾತ್ರ.

ಇನ್‌ಸ್ಟಾಗ್ರಾಂನಲ್ಲಿ ಲೈಕ್ ಸಂಖ್ಯೆ ಅಡಗಿಸಿಡುವ ವ್ಯವಸ್ಥೆ 2021ರಿಂದ ಉಂಟು. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಹಾಕಿಕೊಂಡಿದ್ದಾರೆ. ಸ್ವಲ್ಪ ಆರಾಮ ಅನ್ನುತ್ತಾರೆ. ಹನ್ನೆರಡು ಗಂಟೆಯ ಸಮಸ್ಯೆಗೆ ಮಾತ್ರ ಫೋನನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಇಡುವುದಕ್ಕಿಂತ ದೊಡ್ಡ ಉಪಾಯ ನನ್ನಲ್ಲಿಲ್ಲ.

ಪಿಗ್ಮಿ ಕಲೆಕ್ಟರ್

ನನ್ನದು ಲೆಕ್ಕದ ಉಪಾಯ. ಸಂಘದಲ್ಲಿ ಸಾಲ ಕೇಳಲು ಬಂದ ಪರಿಚಯದವರಿಗೆ ಕೆಲವೊಮ್ಮೆ ಹೇಳುತ್ತೇನೆ, ಮ್ಯಾನೇಜರ್ ಕೇಳಿಸದ ಹಾಗೆ. ಒಂದು ತಿಂಗಳ ಖರ್ಚು ಬರೆಯಿರಿ. ಆಮೇಲೆ ಪ್ರತಿ ಸಾಲಿನ ಎದುರು ಕೇಳಿಕೊಳ್ಳಿ, ಇದು ಯಾರಿಗೂ ಗೊತ್ತಾಗುವುದೇ ಇಲ್ಲ ಅಂತಾದರೆ ನಾನು ಈ ಖರ್ಚು ಮಾಡುತ್ತಿದ್ದೆನಾ? ಮಾಡುತ್ತಿದ್ದೆ ಅಂದರೆ ಅದು ನಿಮ್ಮದು. ಇಲ್ಲ ಅಂದರೆ ಅದು ಊರಿನವರದ್ದು, ನೀವು ಕಟ್ಟುತ್ತಿದ್ದೀರಿ ಅಷ್ಟೇ. ಊರಿನ ಖರ್ಚು ಪೂರ್ತಿ ನಿಲ್ಲಿಸಲು ಆಗುವುದಿಲ್ಲ, ನಿಲ್ಲಿಸಬೇಕಾಗಿಯೂ ಇಲ್ಲ. ಎಷ್ಟು ಅಂತ ಗೊತ್ತಿರಬೇಕು.

ಕಂಕನಾಡಿಯವರೇ, ನಿಮ್ಮ ಅಮ್ಮನ ಡಯಾಲಿಸಿಸ್‌ಗೆ ಕಟ್ಟಿದ ಪ್ರತಿ ರೂಪಾಯಿ ಈ ಲೆಕ್ಕದಲ್ಲಿ ನಿಮ್ಮದೇ ಕಡೆ ಬರುತ್ತದೆ. ‘ದುಡ್ಡು ಇದ್ದರೆ ಸಾಧನೆ’ ಅಂದಿರಿ. ನನಗೆ ಕಂಡದ್ದು ಅದು ಎಲ್ಲಿಗೆ ಹೋಯಿತು ಅನ್ನುವುದು.

ಕಂಕನಾಡಿ ಕ್ರಾಸ್

ಥ್ಯಾಂಕ್ಸ್ ಅಣ್ಣ.

ಸುರತ್ಕಲ್ ಬೀಚ್ ಸೈಡ್

ಮಾಡಿ ನೋಡಿದೆ! ಬೈಕಿನ ಇಎಂಐ ಊರಿನದ್ದು. ವಾಚ್ ಊರಿನದ್ದು. ಜಿಮ್ ಊರಿನದ್ದು ಅಂದುಕೊಂಡಿದ್ದೆ, ಆದರೆ ಯಾರೂ ನೋಡದಿದ್ದರೂ ಹೋಗುತ್ತೇನೆ, ನನ್ನದೇ. ತೋಟದ ಗೊಬ್ಬರ ನನ್ನದು. ಫಿಲ್ಟರ್ ಕಾಫಿ ನನ್ನದು, ಫೋಟೊ ತೆಗೆಯುವ ಕೆಫೆ ಕಾಫಿ ಊರಿನದ್ದು. ಒಂದು ಮಾತ್ರ ಯಾವ ಕಡೆ ಹಾಕಬೇಕು ಗೊತ್ತಾಗಲಿಲ್ಲ. ಮನೆ ರಿಪೇರಿ ಆಗಿದೆ, ಅಪ್ಪ ಗೃಹಪ್ರವೇಶದ ಹಾಗೆ ಪೂಜೆ ಇಟ್ಟು ನಾನೂರು ಜನರಿಗೆ ಊಟ ಹಾಕಬೇಕು ಅನ್ನುತ್ತಾರೆ. ಇದು ಯಾರದ್ದು?

ಫ್ಲೆಕ್ಸ್ ಅಂಗಡಿ

ಊರಿನದ್ದೇ. ಯಾರೂ ಬಾರದ ಗೃಹಪ್ರವೇಶಕ್ಕೆ ಯಾರಾದರೂ ಊಟ ಹಾಕುತ್ತಾರಾ?

ತೊಕ್ಕೊಟ್ಟು ಅಕ್ಕ

ಇಲ್ಲಪ್ಪ, ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಊಟ ಹಾಕುವುದು ತೋರಿಸಲು ಮಾತ್ರವಾ? ಕಷ್ಟದಲ್ಲಿ ಬಂದವರಿಗೆ ಸುಖದಲ್ಲಿ ಒಂದು ಹೊತ್ತು ಊಟ ಹಾಕುವುದು ಎಲ್ಲಿಯ ಶೋಕಿ?

ಪಿಗ್ಮಿ ಕಲೆಕ್ಟರ್

ನಾನೂರು ಜನರಲ್ಲಿ ಕಷ್ಟಕ್ಕೆ ಬಂದವರು ಎಷ್ಟು ಅಂತ ಅಪ್ಪನ ಹತ್ತಿರ ಪಟ್ಟಿ ಮಾಡಿಸಿ. ಅಷ್ಟು ಎಲೆ ನಿಮ್ಮ ಖರ್ಚು. ಉಳಿದದ್ದು ಊರಿನದ್ದು.

ಸುರತ್ಕಲ್ ಬೀಚ್ ಸೈಡ್

ಕೇಳಿದೆ. ಅರವತ್ತು ಅಂದರು. ಆಮೇಲೆ ಅರವತ್ತು ಜನರನ್ನು ಮಾತ್ರ ಕರೆದರೆ ಉಳಿದವರು ಏನು ಹೇಳುತ್ತಾರೆ ಅಂತ ಅವರೇ ಕೇಳಿದರು.

ತೊಕ್ಕೊಟ್ಟು ಅಕ್ಕ

ಉಳಿದವರದ್ದು ಬಿಡು. ಇಷ್ಟು ದಿನ ನಿನಗೆ ಬುದ್ಧಿ ಹೇಳಿದ್ದೇನೆ, ನನ್ನನ್ನು ಕರೆಯದಿದ್ದರೆ ನಾನೇ ಬೇಜಾರು ಮಾಡಿಕೊಳ್ಳುತ್ತೇನೆ. ತಾರೀಕು ಯಾವತ್ತು?